ಆಟಕ್ಕೇ ಬೇಕು

ನನ್ನ ತಂಗಿಯ ಮಗಳು ಕೀಬೋರ್ಡು ಕೇಳಿದಳು. ಸಂಗೀತದ್ದಲ್ಲ, ಕಂಪ್ಯೂಟರಿನದು. ಅದರಲ್ಲೂ ಸಾಮಾನ್ಯದ್ದು ಬೇಡವಂತೆ, ‘ಮೆಕ್ಯಾನಿಕಲ್’ ಬೇಕಂತೆ. ಯಾಕೆ ಎಂದರೆ ಆಟ ಆಡುವುದಕ್ಕೆ. ಇಷ್ಟೇ ವಿಷಯಕ್ಕೆ ಮುರುಗಮಲ್ಲದ ಆ ಮನೆಯಲ್ಲಿ ಮೂರು ದಿನ ಯಾರೂ ಯಾರ ಜೊತೆಗೂ ಸರಿಯಾಗಿ ಮಾತನಾಡಲಿಲ್ಲ ಎಂದರೆ ನೀವು ನಂಬಬೇಕು.

ಅವಳು ಕೇಳಿದ ಮೊತ್ತ ಮೂರು ಸಾವಿರ ಚಿಲ್ಲರೆ. ನಾಲ್ಕು ವರ್ಷದ ಹಿಂದೆ ಅವಳ ಅಣ್ಣ ಇಂಥದೇ ಒಂದನ್ನು, ಜೊತೆಗೆ ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನನ್ನು ತರಿಸಿಕೊಂಡಾಗ ಆ ಮನೆಯಲ್ಲಿ ಒಂದು ಮಾತೂ ಎದ್ದಿರಲಿಲ್ಲ. ‘ಗಂಡು ಹುಡುಗ, ಆಡ್ಕೊಳ್ಲಿ ಬಿಡು, ಬೀದಿ ಸುತ್ತೋದಕ್ಕಿಂತ ವಾಸಿ’ ಎಂದು ಅವನ ಅಪ್ಪನೇ ದುಡ್ಡು ಎಣಿಸಿಕೊಟ್ಟಿದ್ದರು. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗುವಾಗ ಅವನು ಅದನ್ನೂ ಚೀಲಕ್ಕೆ ತುಂಬಿಕೊಂಡು ಹೋದ. ಹುಡುಗಿಯ ಪಾಲಿಗೆ ಉಳಿದದ್ದು ಅವನು ಬಿಟ್ಟುಹೋದ ಕಂಪ್ಯೂಟರು, ಒಂದು ಸಲ ಒತ್ತಿದರೆ ಬಿದ್ದು ಇನ್ನೊಂದು ಸಲ ಬೀಳದ ರಬ್ಬರಿನ ಕೀಬೋರ್ಡು.

‘ಓದಿಗೆ ಬೇಕು ಅಂದಿದ್ರೆ ಇಲ್ಲ ಅಂತಿದ್ನಾ ಅಕ್ಕ? ಆಟಕ್ಕಂತೆ! ಹತ್ತೊಂಬತ್ತು ವರ್ಷ ಆಯ್ತು, ನಾಳೆ ಇನ್ನೊಬ್ಬರ ಮನೆಗೆ ಹೋಗೋಳು’ ಎಂದಳು ತಂಗಿ. ನಾನು ಮಧ್ಯಸ್ಥಿಕೆಗೆ ಹೋದವಳು. ಹುಡುಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ, ‘ಕಾಲೇಜಿನ ಪ್ರಾಜೆಕ್ಟಿಗೆ ಬೇಕು ಅಂತ ಹೇಳಬಾರದಾಗಿತ್ತೇನೇ?’ ಎಂದೆ.

‘ಸುಳ್ಳು ಯಾಕೆ ಹೇಳಲಿ ದೊಡ್ಡಮ್ಮ? ನನಗೆ ಆಟಕ್ಕೇ ಬೇಕು’ ಎಂದಳು.

ಮೂವತ್ತು ವರ್ಷ ತರಗತಿಯಲ್ಲಿ ನಿಂತು ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಬೋಧಿಸಿದವಳು ನಾನು. ಆ ಹೊತ್ತು ತೊಳೆದಿಟ್ಟ ಪಾತ್ರೆಗಳ ಪಕ್ಕದಲ್ಲಿ ನಿಂತು ನನಗೆ ಆದ ನಾಚಿಕೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಈ ಬುದ್ಧಿ ನನ್ನೊಬ್ಬಳದಲ್ಲ. ನಾವೆಲ್ಲ ಹೀಗೆಯೇ ಬೆಳೆದವರು. ನಮಗೆ ಏನೇ ಬೇಕಾದರೂ ಅದಕ್ಕೊಂದು ಉಪಯೋಗದ ಸೆರಗು ಹೊದಿಸಿಯೇ ಕೇಳಬೇಕು. ಸೈಕಲ್ಲು ಬೇಕೆಂದರೆ ಸ್ಕೂಲು ದೂರ ಎನ್ನಬೇಕು. ರೇಡಿಯೋ ಬೇಕೆಂದರೆ ವಾರ್ತೆ ಕೇಳುವುದಕ್ಕೆ ಎನ್ನಬೇಕು. ಬರಿಯ ಸಂತೋಷಕ್ಕೆ ಬೇಕು ಎಂದು ಬಾಯಿಬಿಟ್ಟ ಹೆಣ್ಣುಮಗಳನ್ನು ನಮ್ಮ ಮನೆಗಳು ಸುಲಭವಾಗಿ ಕ್ಷಮಿಸುವುದಿಲ್ಲ.

ಮುರುಗಮಲ್ಲ ಗೊತ್ತಿರುವವರಿಗೆ ಅಲ್ಲಿನ ಅಮ್ಮಾಜಾನ್ ಬಾವಾಜಾನ್ ದರ್ಗಾ ಗೊತ್ತಿರುತ್ತದೆ. ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಬರುವ ಜಾಗ. ನಾವು ಚಿಕ್ಕವರಿದ್ದಾಗ ಉರುಸಿನ ಅಂಗಡಿ ಸಾಲಿಗೆ ಅಪ್ಪ ಕರೆದುಕೊಂಡು ಹೋಗುತ್ತಿದ್ದರು. ತಮ್ಮನಿಗೆ ಪೀಪಿ, ಬುಗುರಿ, ಒಂದು ವರ್ಷ ಕೀ ಕೊಟ್ಟರೆ ಓಡುವ ತಗಡಿನ ಕಾರು. ನಮ್ಮಿಬ್ಬರಿಗೆ ಬಳೆ, ರಿಬ್ಬನ್ನು, ಸರ. ಅಪ್ಪ ಭೇದ ಮಾಡಿದರೆಂದು ನಾನು ಹೇಳುತ್ತಿಲ್ಲ, ನಮ್ಮ ಬಳೆಗೇ ಒಂದೆರಡು ರೂಪಾಯಿ ಹೆಚ್ಚು ಬಿದ್ದಿರಬಹುದು. ಆದರೆ ತಮ್ಮನಿಗೆ ಕೊಡಿಸಿದ್ದು ಆಡುವ ವಸ್ತು, ನಮಗೆ ಕೊಡಿಸಿದ್ದು ತೊಟ್ಟು ತೋರಿಸುವ ವಸ್ತು. ಹೆಣ್ಣುಮಕ್ಕಳಿಗೆಂದೇ ಇಟ್ಟಿದ್ದ ಒಂದೇ ಒಂದು ಆಟದ ಸಾಮಾನೆಂದರೆ ಪುಟ್ಟ ಒಲೆ, ಪುಟ್ಟ ಪಾತ್ರೆ, ಪುಟ್ಟ ಬೀಸುವ ಕಲ್ಲು. ಆಟದಲ್ಲೂ ನಾವು ಅಡುಗೆಯನ್ನೇ ಮಾಡಬೇಕಿತ್ತು!

ಇದನ್ನೇ ಇಟ್ಟುಕೊಂಡು ತಂಗಿಯನ್ನು ಕೇಳಿದೆ. ‘ನಿನಗೆ ಯಾರಾದರೂ ಆಟಕ್ಕೆ ಅಂತ ದುಡ್ಡು ಕೊಟ್ಟು ಏನಾದರೂ ತಂದಿದ್ದುಂಟೇನೇ?’ ಅವಳು ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ಯೋಚಿಸಿದಳು. ನಾವು ಆಡಿದ ಆಟಗಳು ಕಡಿಮೆಯೇನಲ್ಲ. ಕುಂಟೆಬಿಲ್ಲೆಗೆ ಒಡೆದ ಹೆಂಚಿನ ಚೂರು. ಚೌಕಾಬಾರಕ್ಕೆ ಒಡೆದ ಬಳೆಯ ಚೂರು, ಹುಣಸೆ ಬೀಜ. ಕಲ್ಲಾಟಕ್ಕೆ ರಸ್ತೆ ಬದಿಯ ಜಲ್ಲಿ. ಎಲ್ಲವೂ ಮನೆಯವರು ಎಸೆದದ್ದು, ನಾವು ಹೆಕ್ಕಿಕೊಂಡದ್ದು. ಕೊಂಡು ತಂದದ್ದು ಒಂದಾದರೂ ಅವಳಿಗೆ ನೆನಪಾಗಲಿಲ್ಲ.

ಕೀಬೋರ್ಡಿನ ವಿಷಯದಲ್ಲಿ ನನಗೆ ಇನ್ನೊಂದು ಕಾರಣಕ್ಕೂ ಸಿಟ್ಟಿದೆ. ಈ ವಸ್ತುವಿನ ಚರಿತ್ರೆಯನ್ನು ಸ್ವಲ್ಪ ನೋಡಿ. ಅಮೆರಿಕದ ಷೋಲ್ಸ್ ಮತ್ತು ಅವನ ಜೊತೆಗಾರರು ರೂಪಿಸಿದ ಟೈಪ್‌ರೈಟರನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಿತು. ಅದು ತಯಾರಾದದ್ದು ಆ ಕಂಪನಿಯ ಹೊಲಿಗೆ ಯಂತ್ರದ ವಿಭಾಗದಲ್ಲಿ. ಹೊಲಿಗೆ ಯಂತ್ರದ ಹಾಗೆಯೇ ಮೈಮೇಲೆ ಹೂವಿನ ಚಿತ್ತಾರ, ಕೆಲವಕ್ಕೆ ಕಾಲಲ್ಲಿ ತುಳಿಯುವ ಪೆಡಲು. ಆಮೇಲೆ ಆಫೀಸುಗಳಲ್ಲಿ ಅದರ ಮುಂದೆ ಕೂತವರು ಹೆಚ್ಚಾಗಿ ಹೆಂಗಸರೇ. ಎಷ್ಟರ ಮಟ್ಟಿಗೆಂದರೆ ಒಂದು ಕಾಲದ ಇಂಗ್ಲಿಷಿನಲ್ಲಿ ಟೈಪ್‌ರೈಟರ್ ಎಂದರೆ ಯಂತ್ರವೂ ಹೌದು, ಅದನ್ನು ಒತ್ತುವ ಹೆಂಗಸೂ ಹೌದು. ನೂರೈವತ್ತು ವರ್ಷ ಪರರ ಪತ್ರಗಳನ್ನು ಒತ್ತಿ ಬೆರಳು ಸವೆಸಿದವರು ನಾವು. ಈಗ ಅದೇ ಕೀಬೋರ್ಡು ಕೆಂಪು ನೀಲಿ ದೀಪ ಹಚ್ಚಿಕೊಂಡು ಆಟದ ವಸ್ತುವಾಗಿ ಬಂದಾಗ ಹುಡುಗರದಾಯಿತು. ದುಡಿಯುವಾಗ ನಮ್ಮದು, ಆಡುವಾಗ ಅವರದು. ಯಾವ ನ್ಯಾಯ ಇದು?

ನಾನೂ ಒತ್ತಿದವಳೇ. 1989ರಲ್ಲಿ ಪಿಯುಸಿ ಮುಗಿದ ಮೇಲೆ ಚಿಂತಾಮಣಿಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದರು. ಬಿ.ಎ. ಮಾಡಿದರೂ ಕೈಗೊಂದು ಕಸುಬಿರಲಿ ಎಂದು. ಬೆಳಿಗ್ಗೆ ಏಳರಿಂದ ಎಂಟು. ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಕಿರುಬೆರಳಿಗೆ ಶಕ್ತಿ ಸಾಲದೆ ‘ಎ’ ಅಕ್ಷರ ಮಾತ್ರ ಯಾವಾಗಲೂ ಮಂಕಾಗಿ ಬೀಳುತ್ತಿತ್ತು. ಹತ್ತಿಪ್ಪತ್ತು ಯಂತ್ರ ಒಟ್ಟಿಗೆ ಶುರುವಾದರೆ ತಗಡಿನ ಮಾಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ನನಗೆ ಆ ಸದ್ದೆಂದರೆ ಪ್ರಾಣ. ಒಂದು ದಿನ ಪಾಠ ಬಿಟ್ಟು ಕೋಲಾಟದ ತಾಳಕ್ಕೆ ಸರಿಯಾಗಿ ಮನಸ್ಸಿಗೆ ಬಂದ ಅಕ್ಷರ ಒತ್ತುತ್ತಾ ಹೋದೆ. ಅರ್ಥವಿಲ್ಲದ ಸಾಲು, ಆದರೆ ಕೇಳುವುದಕ್ಕೆ ಸೊಗಸಾಗಿತ್ತು. ಮಾಸ್ತರರು ಹಿಂದೆ ಬಂದು ನಿಂತು, ‘ಏನಮ್ಮ, ಇದೇನು ಆಟದ ಸಾಮಾನಾ?’ ಎಂದರು. ಎಲ್ಲ ಯಂತ್ರವೂ ಒಂದು ಕ್ಷಣ ನಿಂತವು. ಕಾಗದ ಎಳೆದು ಹರಿದುಹಾಕಿದರು. ಆಮೇಲೆ ಪರೀಕ್ಷೆಯಲ್ಲಿ ಪಾಸೂ ಆದೆ. ಆದರೆ ಇಷ್ಟು ವರ್ಷದಲ್ಲಿ ಕೀಬೋರ್ಡಿನ ಮೇಲೆ ಒಂದು ಸಲವೂ ಸುಮ್ಮನೆ ಬೆರಳಾಡಿಸಿಲ್ಲ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಇಲಾಖೆ ಕೇಳುವ ಮಾಹಿತಿ, ಅಷ್ಟೇ.

ಸರಿ, ಈ ‘ಮೆಕ್ಯಾನಿಕಲ್’ ಎನ್ನುವುದರಲ್ಲಿ ಏನಿದೆ ಮಹಾ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಮುನ್ನೂರು ನಾನೂರು ರೂಪಾಯಿಯ ಕೀಬೋರ್ಡಿನಲ್ಲಿ ಎಲ್ಲ ಕೀಗಳ ಕೆಳಗೂ ರಬ್ಬರಿನ ಗುಬುಟಿರುವ ಒಂದೇ ಹಾಳೆ ಹಾಸಿರುತ್ತದೆ. ತಳ ಮುಟ್ಟುವ ತನಕ ಒತ್ತಬೇಕು, ಮುದ್ದೆಗೆ ಬೆರಳು ಊರಿದ ಹಾಗೆ. ಮೂರು ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿದರೆ ಕೆಲವೊಮ್ಮೆ ಒಂದು ದಾಖಲಾಗುವುದೇ ಇಲ್ಲ. ಮೆಕ್ಯಾನಿಕಲ್ಲಿನಲ್ಲಿ ಒಂದೊಂದು ಕೀಗೂ ಅದರದೇ ಸ್ವಿಚ್ಚು, ಅದರದೇ ಸ್ಪ್ರಿಂಗು. ಸಾಮಾನ್ಯವಾಗಿ ಕೀ ನಾಲ್ಕು ಮಿಲಿಮೀಟರು ಕೆಳಗೆ ಹೋಗುತ್ತದೆ, ಎರಡು ಮಿಲಿಮೀಟರಿನ ಹತ್ತಿರ ಬಂದಾಗಲೇ ಅಕ್ಷರ ಬಿದ್ದಿರುತ್ತದೆ. ಬೆರಳು ಅಲ್ಲಿಂದಲೇ ವಾಪಸು ಬರಬಹುದು. ಜರ್ಮನಿಯ ಚೆರಿ ಎಂಬ ಕಂಪನಿ 1980ರ ದಶಕದಲ್ಲಿ ತಂದ ಸ್ವಿಚ್ಚಿನ ಮಾದರಿ ಇದು. ಆ ವಿನ್ಯಾಸದ ಪೇಟೆಂಟ್ ಅವಧಿ ತೀರಿದ ಮೇಲೆ ಚೀನಾದ ಕಂಪನಿಗಳು ಅದೇ ಮಾದರಿಯವನ್ನು ಮಾಡತೊಡಗಿದವು. ಹಾಗಾಗಿ ಬೆಲೆ ನಮ್ಮಂಥವರ ಕೈಗೆ ಎಟುಕುವಷ್ಟು ಇಳಿದಿದೆ.

ಇದೇನು ಹೊಸ ಹುಚ್ಚು ಎನ್ನುವವರಿಗೆ ಒಂದು ಮಾತು. ಬ್ಯಾಂಕಿನ ಕೌಂಟರಿನಲ್ಲಿ, ರೈಲ್ವೆ ರಿಸರ್ವೇಷನ್ ಕಿಟಕಿಯಲ್ಲಿ, ಡಿಟಿಪಿ ಅಂಗಡಿಯಲ್ಲಿ ಟಕ ಟಕ ಎಂದು ಸದ್ದು ಮಾಡುವ ದಪ್ಪ ಕೀಬೋರ್ಡು ನೋಡಿದ್ದೀರಲ್ಲ, ಟಿವಿಎಸ್ ಗೋಲ್ಡ್, ಅದು ಮೆಕ್ಯಾನಿಕಲ್ಲೇ. ದಿನವಿಡೀ ಒತ್ತುವವರ ಬೆರಳಿಗೆ ಒಳ್ಳೆಯದು, ಬಾಳಿಕೆ ಬರುತ್ತದೆ ಎಂದು ಆಫೀಸುಗಳು ಎಷ್ಟೋ ಹಿಂದೆಯೇ ಕಂಡುಕೊಂಡ ವಿಷಯ. ದುಡಿಯುವ ಬೆರಳಿಗೆ ಅದು ಸವಲತ್ತು, ಆಡುವ ಬೆರಳಿಗೆ ದುಂದುವೆಚ್ಚ!

ಇನ್ನು ಆಟದ ಮೇಲಿನ ಭಯ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಮೊಬೈಲಿನಲ್ಲಿ ರಮ್ಮಿ ಆಡಿ ಮನೆ ಮಾರಿದವರ ಸುದ್ದಿ ಓದಿದ್ದೇವೆ. ಆದರೆ ದುಡ್ಡು ಕಟ್ಟಿ ಆಡುವ ಜೂಜೇ ಬೇರೆ, ಈ ಹುಡುಗಿ ಆಡುವ ಆಟವೇ ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾಯ್ದೆಯೂ ಇವೆರಡನ್ನು ಬೇರೆ ಬೇರೆಯಾಗಿಯೇ ನೋಡಿದೆ. ಮೊದಲನೆಯದನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಸ್ಪರ್ಧೆಯೆಂದು ಗುರುತಿಸಿತು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇಂಥ ಆಟಗಳಿಗೆ ಪದಕವನ್ನೇ ಕೊಟ್ಟರು. ಇವಳು ಆಡುವುದು ವ್ಯಾಲೊರಂಟ್ ಎಂಬ ಆಟ. ಐದು ಜನರ ಎದುರು ಐದು ಜನ, ಪುಕ್ಕಟೆ. ಗುಂಡು ಹಾರಿಸುವ ಆಟವೇ, ನನಗೇನೂ ಅದು ರುಚಿಸಲಿಲ್ಲ. ಆದರೆ ಹಬ್ಬದಲ್ಲಿ ಗಂಡುಮಕ್ಕಳಿಗೆ ತಲೆತಲಾಂತರದಿಂದ ಪಟಾಕಿ ಪಿಸ್ತೂಲು ಕೊಡಿಸುತ್ತಾ ಬಂದ ನಾವು ಈಗ ಅಹಿಂಸೆಯ ಮಾತಾಡಿದರೆ ಯಾರು ಕೇಳುತ್ತಾರೆ? ಹೊತ್ತಿಗೆ ಒಂದು ಮಿತಿ ಇರಲಿ, ಸರಿ. ಅದು ಅಣ್ಣನಿಗೂ ಇರಬೇಕಾಗಿತ್ತು.

ನಿಜವಾಗಿ ಹೆದರಬೇಕಾದ್ದು ಬೇರೆಯದಕ್ಕೆ. ಆಟದಲ್ಲಿ ಜೊತೆಯವರ ಜೊತೆ ಮಾತಾಡುವುದಕ್ಕೆ ಮೈಕು ಇರುತ್ತದೆ. ಇವಳು ಅದನ್ನು ಆನ್ ಮಾಡುವುದೇ ಇಲ್ಲ. ಹೆಣ್ಣಿನ ದನಿ ಕೇಳಿದ ಕೂಡಲೇ ಕೆಲವರು ಬಾಯಿಗೆ ಬಂದದ್ದು ಆಡುತ್ತಾರಂತೆ. ಆಟದಲ್ಲಿ ಇಟ್ಟುಕೊಂಡಿರುವ ಹೆಸರೂ ಗಂಡಸಿನ ಹೆಸರಿನ ಹಾಗಿದೆ. ಅದೇ ಆಟದಲ್ಲಿ ಶಿಫ್ಟ್ ಕೀ ಒತ್ತಿ ಹಿಡಿದರೆ ಹೆಜ್ಜೆ ಸದ್ದು ಕೇಳದ ಹಾಗೆ ನಡೆಯಬಹುದು ಎಂದು ತೋರಿಸಿದಳು. ನಾನು ನಕ್ಕೆ. ಸದ್ದಾಗದ ಹಾಗೆ ನಡೆಯುವುದನ್ನು ನಮಗೆ ಯಾವ ಕೀಲಿಯೂ ಕಲಿಸಬೇಕಾಗಿಲ್ಲ. 2024ರ ಏಪ್ರಿಲಿನಲ್ಲಿ ಪ್ರಧಾನಿಯವರು ದೇಶದ ಏಳು ಜನ ಆಟಗಾರರನ್ನು ಕರೆಸಿ ಮಾತಾಡಿದರು. ಏಳರಲ್ಲಿ ಹೆಣ್ಣುಮಗಳು ಒಬ್ಬಳೇ, ಮಧ್ಯಪ್ರದೇಶದ ಪಾಯಲ್ ಧಾರೆ. ಮಿಕ್ಕ ಹುಡುಗಿಯರು ಎಲ್ಲಿದ್ದಾರೆ ಎಂದು ಹುಡುಕುವವರು ನಮ್ಮ ಮನೆಗಳ ಹಿಂದಿನ ಕೋಣೆಗಳಲ್ಲಿ, ಗಂಡಸಿನ ಹೆಸರಿನ ಹಿಂದೆ, ಮೈಕು ಮುಚ್ಚಿಕೊಂಡು ಕೂತವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದುಡ್ಡು ನಾನೇ ಕೊಡುತ್ತೇನೆ ಎಂದೆ. ಹುಡುಗಿ ಒಪ್ಪಲಿಲ್ಲ. ‘ನೀವು ಕೊಡಿಸಿದರೆ ಅದು ಗಿಫ್ಟು ದೊಡ್ಡಮ್ಮ. ಅಣ್ಣನಿಗೆ ಮನೆಯಿಂದ ಕೊಡಿಸಿದರು’ ಎಂದಳು. ಮಾತು ಗಟ್ಟಿಯಾಗಿತ್ತು. ಸುಲಿದ ಅವರೆಕಾಳನ್ನು ನೀರಿಗೆ ಹಾಕಿ ಒಳಗೆ ಹೋದ ತಂಗಿ, ಡೈರಿಗೆ ಹಾಕಿದ ಹಾಲಿನ ದುಡ್ಡಿನ ಡಬ್ಬಿ ತಂದು ಎಣಿಸಿಟ್ಟಳು. ಒಂದು ಮಾತೂ ಆಡಲಿಲ್ಲ. ಗಂಡನಿಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ, ಓದಿಗೆ ಎಂದು ಮಾತ್ರ ಹೇಳಬೇಡ ಎಂದು ನಾನು ಕೇಳಿಕೊಂಡಿದ್ದೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಆನ್‌ಲೈನಿನಲ್ಲಿ ತರಿಸಬಹುದಿತ್ತು, ಆದರೆ ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ನೋಡದೆ ಕೊಳ್ಳಬಾರದು ಎನ್ನುವುದು ಅವಳ ಹಟ. ಸೀರೆಯನ್ನು ಮುಟ್ಟಿ ನೋಡದೆ ಕೊಳ್ಳುತ್ತೇವೆಯೇ? ಮೊದಲ ಅಂಗಡಿಯಲ್ಲಿ ಹುಡುಗ, ‘ಮಗನಿಗಾ ಮೇಡಂ?’ ಎಂದ. ‘ಇವಳಿಗೆ’ ಎಂದೆ. ‘ಆಫೀಸ್ ಯೂಸಾ?’ ‘ಆಟಕ್ಕೆ.’ ಅವನು ಒಳಗೆ ಹೋಗಿ ಗುಲಾಬಿ ಬಣ್ಣದ್ದೊಂದು ತಂದಿಟ್ಟ. ಕೀಗಳ ಮೇಲೆ ಬೆಕ್ಕಿನ ಪಂಜದ ಚಿತ್ರ. ಸ್ವಿಚ್ಚು ಯಾವುದು ಎಂದು ಇವಳು ಕೇಳಿದರೆ ಅವನಿಗೇ ಗೊತ್ತಿರಲಿಲ್ಲ. ಎದ್ದು ಬಂದೆವು.

ಎರಡನೆಯ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ತಾಳ್ಮೆಯಿಂದ ಒಂದೊಂದನ್ನೇ ಬಿಚ್ಚಿಟ್ಟರು. ನೀವು ಮಗಳೊಂದಿಗೆ ಹೋಗುವುದಾದರೆ ತಿಳಿದಿರಲಿ ಎಂದು ಬರೆಯುತ್ತೇನೆ. ಸ್ವಿಚ್ಚಿನಲ್ಲಿ ಮುಖ್ಯವಾಗಿ ಮೂರು ಬಗೆ, ಬಣ್ಣದ ಮೇಲೆ ಹೆಸರು. ನೀಲಿಯದು ಅರ್ಧ ದಾರಿಯಲ್ಲಿ ತಡೆದು ಟಕ್ ಎನ್ನುತ್ತದೆ. ಕಂದು ಬಣ್ಣದ್ದು ಸಣ್ಣಗೆ ತಡೆಯುತ್ತದೆ, ಟಕ್ ಎನ್ನುವುದಿಲ್ಲ. ಕೆಂಪಿನದು ಎಲ್ಲೂ ತಡೆಯದೆ ಬೆಣ್ಣೆಯ ಹಾಗೆ ಇಳಿಯುತ್ತದೆ, ಒತ್ತುವುದಕ್ಕೂ ಹಗುರ. ಪಕ್ಕದಲ್ಲಿ ಲೆಕ್ಕದ ಅಂಕಿಗಳ ಸಾಲೂ ಇದ್ದರೆ 104 ಕೀ. ಅದಿಲ್ಲದ್ದು 87. ಆಟಕ್ಕೆ 87 ವಾಸಿ, ಮೌಸು ಆಡಿಸುವ ಬಲಗೈಗೆ ಜಾಗ ಸಿಗುತ್ತದೆ. ಒಟ್ಟಿಗೆ ಎಷ್ಟು ಕೀ ಒತ್ತಿದರೂ ಎಲ್ಲವೂ ದಾಖಲಾಗುತ್ತವೆಯೇ ಎಂದು ಕೇಳಿ. ಸ್ವಿಚ್ಚನ್ನು ಚಿಮಟದಲ್ಲಿ ಕಿತ್ತು ಬೇರೆ ಹಾಕುವ ಹಾಗಿದೆಯೇ ಎಂದೂ ಕೇಳಿ. ಇದ್ದರೆ ಒಂದು ಕೀ ಕೆಟ್ಟರೆ ಇಡೀ ಕೀಬೋರ್ಡು ಎಸೆಯಬೇಕಾಗಿಲ್ಲ. ದೀಪಕ್ಕೆ ಮರುಳಾಗಬೇಡಿ. ಕೀಗಳ ಟೊಪ್ಪಿಗೆ ಪಿಬಿಟಿ ಎಂಬ ಪ್ಲಾಸ್ಟಿಕ್ಕಿನದಾದರೆ ಬೆರಳಿನ ಜಿಡ್ಡಿಗೆ ಬೇಗ ಹೊಳಪೇರುವುದಿಲ್ಲ.

ನಾನು ನೀಲಿಯನ್ನು ಒತ್ತಿದೆ. 1989 ಕಿವಿಯಲ್ಲಿ ತುಂಬಿಕೊಂಡಿತು. ‘ಇದನ್ನೇ ತಗೋ’ ಎಂದೆ. ‘ಅದು ನಿಮಗೆ ಸರಿ ದೊಡ್ಡಮ್ಮ, ನನಗಲ್ಲ. ರಾತ್ರಿ ಅಜ್ಜಿ ಎದ್ದುಬಿಡ್ತಾರೆ.’ ಹಾಗಾದರೆ ಕಂದು ಎಂದೆ, ಅದಾದರೆ ನಾಳೆ ಟೈಪಿಂಗಿಗೂ... ಎನ್ನುವಷ್ಟರಲ್ಲಿ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ. ನೋಡಿ, ಇಷ್ಟೆಲ್ಲ ಆದ ಮೇಲೂ ಉಪಯೋಗದ ಸೆರಗು ಎಳೆದು ತರಲು ಹೊರಟಿದ್ದೆ! ಅವಳು ಕೆಂಪನ್ನು ಆರಿಸಿದಳು. ಎಡಗೈಯ ಮೂರು ಬೆರಳನ್ನು ಡಬ್ಲ್ಯೂ, ಎ, ಎಸ್, ಡಿ ಮೇಲೆ ಇಟ್ಟು, ಕಣ್ಣು ಮುಚ್ಚಿಕೊಂಡು, ಎಡ ಬಲ ಎಡ ಬಲ ಎಂದು ಒತ್ತಿ ನೋಡಿದಳು. ಕೀ ಎಷ್ಟು ಬೇಗ ವಾಪಸು ಬರುತ್ತದೆ ಎನ್ನುವುದರ ಮೇಲೆ ಆಟದಲ್ಲಿ ಎಷ್ಟು ಬೇಗ ನಿಲ್ಲಬಹುದು ಎನ್ನುವುದು ನಿಂತಿದೆಯಂತೆ.

ಅಂಗಡಿಯಲ್ಲಿ ಜಪಾನಿ ಅಕ್ಷರ ಬರೆದ ಕೀ ಟೊಪ್ಪಿಗೆಗಳೂ ಇದ್ದವು, ಅಂದಕ್ಕೆ. ಕನ್ನಡದ್ದು ಇದೆಯೇ ಎಂದು ಕೇಳಿದೆ. ಸ್ಟಿಕ್ಕರು ಸಿಗುತ್ತೆ ಎಂದರು. ಕಿನ್ನಿಕಂಬಳ ಪದ್ಮನಾಭ ರಾಯರು, ನಮಗೆಲ್ಲ ಕೆ.ಪಿ. ರಾವ್, ಇಂಗ್ಲಿಷ್ ಕೀಗಳ ಮೇಲೆಯೇ ಇಡೀ ಕನ್ನಡವನ್ನು ಕೂರಿಸಿಕೊಟ್ಟರು. ನುಡಿಯಲ್ಲಿ ಪ್ರಶ್ನೆಪತ್ರಿಕೆ ಒತ್ತುವ ನನಗೆ ಆ ವಿನ್ಯಾಸ ಬೆರಳಲ್ಲೇ ಇದೆ. ಒತ್ತಕ್ಷರಕ್ಕೆಲ್ಲ ಎಫ್ ಬೇಕು, ನನ್ನ ಶಾಲೆಯ ಕೀಬೋರ್ಡಿನಲ್ಲಿ ಮೊದಲು ಅಳಿಸಿಹೋದದ್ದು ಆ ಅಕ್ಷರವೇ. ಆ ಲೆಕ್ಕದಲ್ಲಿ ಇವಳ ಆಟದ ನಾಲ್ಕು ಕೀಗಳು ಡ, ಅ, ಸ, ದ. ಬಸ್ಸಿನಲ್ಲಿ ಹೇಳಿದೆ. ‘ಡ ಒತ್ತಿದರೆ ಮುಂದಕ್ಕೆ’ ಎಂದು ನಗುತ್ತಾ ಡಬ್ಬಿಯನ್ನು ತೊಡೆಯ ಮೇಲೆ ತಬ್ಬಿಕೊಂಡು ಕೂತಳು.

ಮನೆಗೆ ಬಂದು ಜೋಡಿಸಿದ ಮೇಲೆ ಮೊದಲು ನನ್ನನ್ನೇ ಕೂರಿಸಿದಳು. ಎ ಎಸ್ ಡಿ ಎಫ್ ಜಿ ಎಫ್. ಕಿರುಬೆರಳಿಗೆ ಭಾರವೇ ಇಲ್ಲ. ಎರಡು ಸಾಲಾದ ಮೇಲೆ ಕೋಲಾಟದ ತಾಳ ಹಿಡಿದೆ, ತಪ್ಪಿತು, ಮತ್ತೆ ಹಿಡಿದೆ. ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಷ್ಟರಲ್ಲಿ ಹುಡುಗಿ ಹಿಂದಿನಿಂದ ನನ್ನ ಭುಜ ಮುಟ್ಟಿದಳು. ‘ಸಾಕು ಏಳಿ ದೊಡ್ಡಮ್ಮ, ಮ್ಯಾಚು ಶುರುವಾಗುತ್ತೆ.’